ನೆಲ ಒದ್ದೆ, ಎಚ್ಚರ

ಮನೆಯ ಮೂಲೆಯಿಂದ ಬಾಗಿಲ ಕಡೆಗೆ ಹಿಂದೆ ಹಿಂದೆ ಸರಿಯುತ್ತ, ಒರೆಸಿದ ಜಾಗದ ಮೇಲೆ ತನ್ನದೇ ಹೆಜ್ಜೆ ಬೀಳದ ಹಾಗೆ ಒರೆಸಿಕೊಂಡು ಬಂದ ಅಕ್ಕ ಹೊಸ್ತಿಲ ಹತ್ತಿರ ಸೊಂಟ ನೆಟ್ಟಗೆ ಮಾಡಿ ನೋಡಿದರೆ ಮೇಜಿನ ಕೆಳಗೆ ಒಂದು ತುಂಡು ನೆಲ ಒರೆಸದೆ ಉಳಿದಿತ್ತು. ಆಸ್ಪತ್ರೆಯ ಉದ್ದುದ್ದ ಪಡಸಾಲೆಗಳನ್ನು ಒರೆಸಿ ಒರೆಸಿ ಸವೆದ ಕೈ ಅದು, ಹಾಗೆಲ್ಲ ಜಾಗ ಬಿಡುವ ಕೈಯಲ್ಲ. ಬಿಟ್ಟದ್ದು ಕೈಯಲ್ಲ, ಕಣ್ಣು. ಮೇಜಿನ ಮೇಲೆ ಸಕ್ಕರೆ ಡಬ್ಬಿಯ ಕೆಳಗೆ ಸಿಕ್ಕಿಸಿದ್ದ ಕಾಗದವನ್ನು ನೋಡಬಾರದು ಅಂತ ಆ ಕಡೆಗೇ ಕಣ್ಣು ಹಾಯಿಸದೆ ಒರೆಸಿದ್ದಳು. ಕಾಗದ ಬಂದು ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕುವುದನ್ನು ಅವಳು ಬಿಟ್ಟಿದ್ದಳು. ಅದರ ಮೇಲೆ ಡಬ್ಬಿಯ ತಳದ ಗುಂಡು ಗುರುತು ಬಿದ್ದು, ಅದಕ್ಕೆ ಸಕ್ಕರೆಯ ಅಂಟು ಹತ್ತಿ, ಒಂದೆರಡು ಇರುವೆಗಳು ಅದನ್ನು ಅವಳಿಗಿಂತ ಹೆಚ್ಚು ಸಲ ಓದಿ ಹೋಗಿದ್ದವು. ಬರೆದವಳು ಒಬ್ಬ ಸಂಶೋಧಕಿ, ವಿಶ್ವವಿದ್ಯಾಲಯದವಳು. ತುಂಬ ಮರ್ಯಾದೆಯ ಅಕ್ಷರ. 'ನಿಮ್ಮ ತಮ್ಮನವರ ಪ್ರಸಿದ್ಧ ರಾಕ್ ಹಾಡಿನ ಹಿಂದಿರುವ ಸಾಹಿತ್ಯದ ಪ್ರೇರಣೆಗಳನ್ನು ಕುರಿತು ಪುಸ್ತಕ ಬರೆಯುತ್ತಿದ್ದೇನೆ. ಬಾಲ್ಯದಲ್ಲಿ ಸಂಜೆಹೊತ್ತು ನೀವು ಅವರಿಗೆ ಹಳೆಯ ಕಾವ್ಯವನ್ನು ಓದಿ ಹೇಳುತ್ತಿದ್ದಿರಿ ಎಂದು ಅವರು ಹೇಳಿದ್ದಾರೆ. ಯಾವ ಯಾವ ಭಾಗಗಳನ್ನು ಓದುತ್ತಿದ್ದಿರಿ ಎಂಬುದನ್ನು ನೆನಪಿರುವಷ್ಟು ಬರೆದು ತಿಳಿಸಿದರೆ ಉಪಕಾರವಾಗುತ್ತದೆ.'

ಓದಿ ಹೇಳುತ್ತಿದ್ದಿರಿ. ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಹಿಂಡಿದಳು. ತಮ್ಮ ಬಾಲಕನಾಗಿದ್ದಾಗ ಅಕ್ಕನಿಗೆ ಬಸ್ಸಿನ ಬೋರ್ಡು ಸಹ ಓದಲು ಬರುತ್ತಿರಲಿಲ್ಲ. ಬಸ್ಸನ್ನು ಬಣ್ಣದಿಂದ, ಅಂಗಡಿಯನ್ನು ವಾಸನೆಯಿಂದ, ಔಷಧಿಯ ಬಾಟಲಿಯನ್ನು ಮುಚ್ಚಳದಿಂದ ಗುರುತು ಹಿಡಿಯುತ್ತಿದ್ದಳು. ಅಮ್ಮ ಹೋದ ಮೇಲೆ ಅವನಿಗೆ ಉಣ್ಣಿಸಿದ್ದು ನಿಜ, ತಲೆ ಬಾಚಿದ್ದು ನಿಜ, ಶಾಲೆಗೆ ಎಳೆದುಕೊಂಡು ಹೋಗಿ ಬಿಟ್ಟದ್ದು ನಿಜ. ಸಂಜೆ ಅವನೇ ಪಾಠವನ್ನು ಜೋರಾಗಿ ಓದುತ್ತಿದ್ದ. ಅವಳು ಬಟ್ಟೆ ಮಡಿಸುತ್ತ ಕೇಳುತ್ತಿದ್ದಳು, ತಪ್ಪು ಓದಿದರೂ ಹೂಂ ಅನ್ನುತ್ತಿದ್ದಳು, ಸರಿ ಓದಿದರೂ ಹೂಂ ಅನ್ನುತ್ತಿದ್ದಳು. ಯಾರು ಯಾರಿಗೆ ಓದಿ ಹೇಳಿದ್ದು? ಈಗ ಇಡೀ ಊರಿಗೆ ಗೊತ್ತಾಗುವ ಹಾಗೆ ಅವನು ಅದನ್ನು ತಿರುಗಿಸಿ ಹಾಕಿದ್ದ, ಅಂಗಿಯನ್ನು ಒಳಮೈ ಹೊರಗೆ ಮಾಡಿ ತೊಟ್ಟ ಹಾಗೆ. ಹೊರಗಿನಿಂದ ನೋಡಿದವರಿಗೆ ಹೊಲಿಗೆ ಕಾಣುವುದಿಲ್ಲವೇ? ಕಾಣಲಿಲ್ಲ. ಎಲ್ಲರೂ ಚೆಂದ ಅಂದರು.

ಕೆಳಗಿನ ಮನೆಯ ಟೈಲರ್ ಹೆಂಗಸೇ ಮೊದಲು ಓಡಿಬಂದು ಹೇಳಿದ್ದು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳಿದ್ದಳು. "ಅಕ್ಕಾ, ಪತ್ರಿಕೇಲಿ ನಿಮ್ಮ ವಿಷಯ ಬಂದಿದೆ! ನಿಮ್ಮ ತಮ್ಮ ಹೇಳಿದಾರೆ, ನಮ್ಮಕ್ಕ ನನಗೆ ಕಾವ್ಯ ಓದಿ ಹೇಳ್ತಿದ್ರು, ಆ ಹಾಡು ಅಲ್ಲಿಂದಾನೇ ಹುಟ್ಟಿದ್ದು ಅಂತ. ಇಷ್ಟು ದಿನ ನೀವು ನಮ್ಮ ಹತ್ರ ಬಾಯೇ ಬಿಡಲಿಲ್ಲವಲ್ಲ, ಗಟ್ಟಿಗಿತ್ತಿ!" ಅಕ್ಕ ಏನು ಹೇಳಿದಳು? ಇಲ್ಲ ಮಾರಾಯ್ತಿ, ಅದು ಸುಳ್ಳು ಅಂದಳೇ? ನಕ್ಕಳು. ಅಷ್ಟೇ ಅಲ್ಲ, ಸೆರಗು ಸರಿಮಾಡಿಕೊಂಡಳು. ಆಮೇಲೆ ಕೆಲವು ದಿನ ಮೆಟ್ಟಿಲು ಇಳಿಯುವಾಗ ಕಟಕಟೆ ಹಿಡಿಯದೆ, ಓದಿದವರ ಮನೆಯ ಹೆಂಗಸಿನ ಹಾಗೆ ತಲೆಯೆತ್ತಿ ಇಳಿದಳು. ಅವಳಿಗೆ ಈಗ ನಾಚಿಕೆಯಾಗುವುದು ತಮ್ಮನ ಸುಳ್ಳಿಗಲ್ಲ, ಆ ಮೆಟ್ಟಿಲಿಗೆ.

ಬಿಟ್ಟುಹೋದ ತುಂಡನ್ನು ಒರೆಸಲು ಮೇಜಿನ ಕೆಳಗೆ ಬಗ್ಗಿದಳು. ನೆಲ ತಣ್ಣಗಿತ್ತು. ಆಸ್ಪತ್ರೆಯ ನೆಲದ ತಣುಪು ಬೇರೆ, ಅದರಲ್ಲಿ ಫಿನಾಯಿಲಿನ ವಾಸನೆ, ಯಾರದೋ ಚಪ್ಪಲಿಯ ಮಣ್ಣು, ಯಾರದೋ ವಾಂತಿ, ಬೆಳಗಿನ ಬಿಸಿಲು. ಅಲ್ಲಿ ಒಂದು ಹಳದಿ ಹಲಗೆ ಇತ್ತು. ಎರಡು ಕಾಲು ಅಗಲಿಸಿ ನಿಲ್ಲುವಂಥದು, ಮಡಿಸಿದರೆ ಕಂಕುಳಲ್ಲಿ ಹಿಡಿಸುವಂಥದು. ಒರೆಸುವ ಜಾಗದಲ್ಲಿ ಅದನ್ನು ನಿಲ್ಲಿಸಬೇಕು, ಒಣಗಿದ ಮೇಲೆ ಮುಂದಕ್ಕೆ ಒಯ್ಯಬೇಕು. ವರ್ಷಗಟ್ಟಲೆ ಅದನ್ನು ಅವಳು ಎತ್ತಿಕೊಂಡು ಓಡಾಡಿದ್ದಳು, ಹಟ ಮಾಡುವ ಕೂಸನ್ನು ಎತ್ತಿಕೊಂಡ ಹಾಗೆ. ಅದರ ಮೈಮೇಲೆ ಏನೋ ಬರೆದಿದೆ ಎಂಬುದು ಗೊತ್ತಿತ್ತು. ಏನು ಎಂದು ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಓದಲು ಬರುವುದಿಲ್ಲ ಅಂತ ಗೊತ್ತಾಗುತ್ತದೆ, ಗೊತ್ತಾದರೆ ಮೇಸ್ತ್ರಿ ಫಿನಾಯಿಲಿನ ಕೋಣೆಯ ಬೀಗದಕೈ ಬೇರೆಯವರಿಗೆ ಕೊಡುತ್ತಾನೆ. ರಾತ್ರಿ ಶಾಲೆಗೆ ಸೇರಿದ್ದೂ ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿನ ಮೇಷ್ಟ್ರು ಒಂದು ದಿನ ಹೇಳಿದರು, ನಾಳೆ ಎಲ್ಲರೂ ಬೀದಿಯಲ್ಲೋ ಕೆಲಸದ ಜಾಗದಲ್ಲೋ ತಾವೇ ಓದಿದ ಒಂದು ಮಾತು ತರಬೇಕು, ಯಾರನ್ನೂ ಕೇಳಬಾರದು. ಮರುದಿನ ಅವಳು ಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ನೆ. ಲ. ಅದು ಸಲೀಸು. ಒ. ಆಮೇಲಿನ ಅಕ್ಷರ ತೊಡಕು, ದಕಾರದ ಕಾಲಿಗೆ ಇನ್ನೊಂದು ದಕಾರ ಜೋತುಬಿದ್ದಿತ್ತು. ದ, ಅದಕ್ಕೆ ದ ಒತ್ತು, ಮೇಲೆ ಎತ್ವ. ದ್ದೆ. ಒದ್ದೆ. ನೆಲ ಒದ್ದೆ. ಅದರ ಕೆಳಗಿನ ಸಾಲಿನಲ್ಲಿ ಒಂದೇ ಮಾತು, ಎಚ್ಚರ.

ಅವಳ ಮೈ ಜುಂ ಅಂದಿತು. ನೆಲವನ್ನು ಒದ್ದೆ. ಎಚ್ಚರವಾಯಿತು. ಯಾರು ಒದ್ದದ್ದು? ಯಾರು ತಮ್ಮ ಮನಸ್ಸಿನೊಳಗಿನ ಇಂಥ ಮಾತನ್ನು ಹಳದಿ ಹಲಗೆಯ ಮೇಲೆ ಬರೆದು ಹೋದರು, ಅದನ್ನು ತಾನು ಇಷ್ಟು ವರ್ಷ ಹೊತ್ತು ತಿರುಗಿದೆನಲ್ಲ? ತಲೆಯೆತ್ತಿ ಪಡಸಾಲೆಯ ಆ ತುದಿ ಈ ತುದಿ ನೋಡಿದಳು. ಗಾಲಿಕುರ್ಚಿಯಲ್ಲಿ ಒಬ್ಬ ಮುದುಕ ಕಾಲು ಜೋಲುಬಿಟ್ಟು ಕೂತಿದ್ದ. ಇವನಿರಬಹುದೇ ಅನ್ನಿಸಿತು. ಅವನ ಪಾದಗಳನ್ನು ನೋಡಿದಳು. ಕೈಯಲ್ಲಿ ಬಟ್ಟೆ ಇದ್ದದ್ದು ಮರೆತೇಹೋಗಿತ್ತು. ತನ್ನ ಕಾಲಿನ ಹೆಬ್ಬೆರಳನ್ನು ನೆಲಕ್ಕೆ ಒತ್ತಿ ನೋಡಿಕೊಂಡಳು.

ರಾತ್ರಿ ಶಾಲೆಯಲ್ಲಿ ಬೇರೆಯವರು 'ಬಾಗಿಲು ತಳ್ಳಿ' ತಂದಿದ್ದರು, 'ಇಲ್ಲಿ ಕಸ ಹಾಕಬಾರದು' ತಂದಿದ್ದರು. ಗಾರೆ ಕೆಲಸದವನೊಬ್ಬ 'ಸಾಲ ಕೇಳಬೇಡಿ' ತಂದು ಎಲ್ಲರ ಮುಖ ನೋಡಿ ಹಲ್ಲು ಕಿರಿದಿದ್ದ. ಅಕ್ಕ ಎದ್ದು ನಿಂತು ತನ್ನದನ್ನು ಹೇಳಿದಳು. ಹೇಳಿ ಸುಮ್ಮನೆ ಕೂತಿದ್ದರೆ ಆಗುತ್ತಿತ್ತು, ಕೂರಲಿಲ್ಲ. "ಯಾರೋ ನೆಲಾನ ಒದ್ದಿದಾರೆ ಸಾರ್. ಆಮೇಲೆ ಅವರಿಗೆ ಎಚ್ಚರ ಆಗಿದೆ." ಆಮೇಲೆ ಗಾರೆಯವನು ಬೆಂಚು ಬಡಿದುಕೊಂಡು ನಕ್ಕ. "ಅಕ್ಕಾ, ನೆಲ ನೀರಾಗಿದೆ, ಜಾರಿ ಬಿದ್ದೀರಿ ಅಂತ ಬರೆದಿರೋದು ಕಣಕ್ಕಾ!" ಇಡೀ ಕೋಣೆ ನಕ್ಕಿತು. ಮೇಷ್ಟ್ರು ನಗಲಿಲ್ಲ, ಆದರೆ ಬೋರ್ಡಿನ ಕಡೆ ತಿರುಗಿ ಏನೂ ಬರೆಯದೆ ಸ್ವಲ್ಪ ಹೊತ್ತು ನಿಂತರು, ಅವರ ಬೆನ್ನು ಅಲುಗುತ್ತಿತ್ತು. ತಿರುಗಿ, "ತಪ್ಪು ಬರೆದವನದ್ದಮ್ಮ. 'ಆಗಿದೆ' ಅಂತ ಒಂದು ಮಾತು ಸೇರಿಸಿದ್ದಿದ್ರೆ ಈ ಪೇಚಾಟ ಇರ್ತಿರಲಿಲ್ಲ" ಅಂದರು. ಕಿವಿಯವರೆಗೆ ಬಿಸಿಯಾದದ್ದು ಅವಳಿಗೆ ಈಗಲೂ ನೆನಪು. ಅವಳೂ ನಕ್ಕಳು. "ನನಗೆ ಗೊತ್ತಿಲ್ವಾ? ನಿಮ್ಮನ್ನ ನಗಿಸೋಕೆ ಹೇಳಿದೆ" ಅಂದಳು. ಅಲ್ಲಿಂದ ಅದು ಅಕ್ಕನ ತಮಾಷೆಯಾಯಿತು.

ಮನೆಗೆ ಬಂದು ತಮ್ಮನಿಗೂ ತಮಾಷೆ ಅಂತಲೇ ಹೇಳಿದಳು. ಅವನು ಆಗ ಮೀಸೆ ಬಂದ ಹುಡುಗ, ಕೆಲಸವಿಲ್ಲದವನು, ಮಂಚದ ಮೇಲೆ ಗೋಡೆಗೆ ಒರಗಿ ಗಿಟಾರಿನ ಒಂದು ಸಡಿಲ ತಂತಿಯನ್ನು ಬಿಗಿಮಾಡುತ್ತಿದ್ದ. ಅವನೂ ನಗುತ್ತಾನೆ ಅಂದುಕೊಂಡು ತಾನೇ ಮೊದಲು ನಕ್ಕಳು. ಅವನು ನಗಲಿಲ್ಲ. ತಂತಿಯ ತಿರುಪು ಹಿಡಿದ ಕೈ ಹಾಗೇ ನಿಂತಿತು. "ಒದ್ದಿದ್ದು ಯಾರಕ್ಕಾ?" ಅಂದ. "ನನಗೇನು ಗೊತ್ತು? ನಾನೇ ಇರಬೇಕು" ಅಂದು ಅವಳು ಪಾತ್ರೆ ತೊಳೆಯಲು ಹೋದಳು. ಅಷ್ಟೇ. ಆಮೇಲೆ ಹಾಡು ಬಂತು, ಹಾಡಿನ ಹಿಂದೆ ಜನ ಬಂದರು.

'ನೆಲ ಒದ್ದೆ, ಎಚ್ಚರ!
ಒದ್ದವರು ಯಾರು? ನಾನೇ ಇರಬೇಕು.
ಇಷ್ಟು ದಿನ ಹೊತ್ತೆ, ಓದದೆ ಹೊತ್ತೆ,
ಕಾಲು ನೋಯ್ತಾ ಇದೆ, ನಾನೇ ಇರಬೇಕು.'

ಒಂದು ಸಲ ಅವಳನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದ್ದ. 'ಎಚ್ಚರ' ಅಂದ ತಕ್ಷಣ ಇಡೀ ಸಭಾಂಗಣ ನೆಲಕ್ಕೆ ಒದೆಯುತ್ತಿತ್ತು. ಡ್ರಮ್ಮಿನ ಪೆಟ್ಟು ಎದೆಗೆ ಬಂದು ಗುದ್ದುತ್ತಿತ್ತು. ಅವಳು ಕುರ್ಚಿಯ ಅಂಚು ಹಿಡಿದುಕೊಂಡು, ಈ ನೆಲವನ್ನು ನಾಳೆ ಬೆಳಿಗ್ಗೆ ಯಾರು ಒರೆಸುತ್ತಾರೋ ಪಾಪ, ಅಂದುಕೊಂಡಿದ್ದಳು. ಓದಿದವರು ಹಾಡಿಗೆ ಅರ್ಥ ಹೇಳಿದರು. ಹಳೆಯ ಕಾವ್ಯದಲ್ಲಿ ಬಾಯಾರಿದ ವೀರನೊಬ್ಬ ನೆಲವನ್ನು ಒದ್ದು ನೀರು ಚಿಮ್ಮಿಸುತ್ತಾನಂತೆ. ಒದ್ದೆ ಅಂದರೆ ಒದ್ದದ್ದೂ ಹೌದು, ನೀರೂ ಹೌದು, ಒಂದೇ ಮಾತಿನಲ್ಲಿ ಕಥೆಯೆಲ್ಲ ಅಡಗಿದೆ, ಎಂಥ ಪಾಂಡಿತ್ಯ ಅಂದರು. ತಮ್ಮ ಇಲ್ಲ ಅನ್ನಲಿಲ್ಲ. ಮೊದಮೊದಲು ಸುಮ್ಮನಿದ್ದ, ಆಮೇಲೆ ತಲೆಯಾಡಿಸಿದ, ಕೊನೆಗೆ ತಾನೇ ಹೇಳತೊಡಗಿದ. ಸಂಶೋಧಕಿಯ ಕಾಗದ ಬಂದ ಮೇಲೆ ಅವಳು ಗ್ರಂಥಾಲಯಕ್ಕೆ ಹೋಗಿ ಆ ಕಾವ್ಯವನ್ನು ತಂದಳು. ದಿನಾ ಒಂದಿಷ್ಟು, ಬೆರಳಿಟ್ಟು, ಕೆಳಗಿನ ಟಿಪ್ಪಣಿ ನೋಡಿಕೊಂಡು ಓದಿದಳು. ವೀರ ಅಲ್ಲಿ ನಿಜವಾಗಿ ಒದೆಯುತ್ತಾನೆ, ನೀರು ಬರುತ್ತದೆ, ಅವನು ತನ್ನ ಕುದುರೆಗೆ ಮೊದಲು ಕುಡಿಸುತ್ತಾನೆ. ಕುದುರೆಗೆ ಕುಡಿಸುವ ಕಡೆ ಅವಳಿಗೆ ಕಣ್ಣು ತುಂಬಿ ಬಂತು. ಇದನ್ನೇ ಓದಿ ಹೇಳುತ್ತಿದ್ದೆ ಅಂತ ಬರೆದರೆ ಏನು ಮಹಾ? ಓದಿಯಂತೂ ಆಗಿದೆ. ಹಿಂದುಮುಂದಾಗಿದೆ, ಅಷ್ಟೇ ತಾನೆ.

ಮೆಟ್ಟಿಲ ಮೇಲೆ ಶೂ ಸದ್ದು. ಬಾಗಿಲು ತೆಗೆದೇ ಇತ್ತು. ಯಾರು ಅಂತ ನೋಡುವ ಮೊದಲೇ, ಒಳಗಿಟ್ಟ ಕಾಲು ಸರ್ರನೆ ಮುಂದಕ್ಕೆ ಹೋದದ್ದು ಮೇಜಿನ ಕೆಳಗಿನಿಂದ ಕಂಡಿತು. "ನೆಲ ಒದ್ದೆ! ಎಚ್ಚರ!" ಎಂದು ಅಕ್ಕ ಕೂಗಿದಳು.

ತಮ್ಮ ಬಾಗಿಲ ಚೌಕಟ್ಟು ಹಿಡಿದು ಒಂದು ಕಾಲ ಮೇಲೆ ನಿಂತಿದ್ದ. ಅಕ್ಕ ಮೇಜಿನ ಕೆಳಗೆ ಬಟ್ಟೆ ಹಿಡಿದು ಮಂಡಿಯ ಮೇಲಿದ್ದಳು. ಊರಿಗೆ ಊರೇ ಕೂಗುವ ಆ ಮಾತು ಅದು ಹುಟ್ಟಿದ ಕೆಲಸಕ್ಕೆ ಮರಳಿ ಬಂದು ನಿಂತಿತ್ತು.

"ಚೆನ್ನಾಗಿ ಹಾಡ್ತೀಯ" ಅಂದ ತಮ್ಮ.

"ಶೂ ಬಿಚ್ಚು. ಆಮೇಲೆ ಮಾತಾಡು."

ಅವನು ಬಿಚ್ಚಿದ. ಕೂದಲು ಹಿಂದಿಗಿಂತ ತೆಳ್ಳಗಾಗಿ, ಹಿಂದಕ್ಕೆ ಎಳೆದು ಕಟ್ಟಿದ್ದ ಜುಟ್ಟು ಇಲಿಯ ಬಾಲದಂತಾಗಿತ್ತು. ಒಣಗಿದ ಅಂಚಿನ ಮೇಲೆ ತುದಿಗಾಲಲ್ಲಿ ನಡೆದು ಕುರ್ಚಿಯಲ್ಲಿ ಕೂತ. ಸಕ್ಕರೆ ಡಬ್ಬಿಯ ಕೆಳಗಿನ ಕಾಗದ ನೋಡಿದ.

"ಇನ್ನೂ ಇಲ್ಲೇ ಇದೆಯಲ್ಲಕ್ಕಾ ಇದು. ಪುಸ್ತಕ ಅಚ್ಚಿಗೆ ಹೋಗ್ತಿದೆ. ಆ ಹುಡುಗಿ ನನಗೆ ಫೋನ್ ಮಾಡಿ ಮಾಡಿ ಸಾಕಾಗಿದೆ ಪಾಪ. ನಿನ್ನದೊಂದು ಕಾಗದಕ್ಕೆ ಜಾಗ ಬಿಟ್ಟುಕೊಂಡು ಕೂತಿದಾಳೆ."

"ಕೂತ್ಕೊಳ್ಳಲಿ."

"ದೊಡ್ಡದೇನೂ ಬೇಡಕ್ಕಾ. ಎರಡು ಸಾಲು ಸಾಕು. ನಿನಗೆ ಕಷ್ಟ ಆಗಬಾರದು ಅಂತ ನಾನೇ ಬರ್ಕೊಂಡು ಬಂದಿದೀನಿ. ನೋಡ್ಕೊಂಡು ಬರೆದುಬಿಡು." ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟ.

ಅಕ್ಕ ಕೈ ಒರೆಸಿಕೊಂಡು ತೆಗೆದುಕೊಂಡಳು. ಕಾವ್ಯದ ಹೆಸರು, ವೀರನ ಹೆಸರು, 'ಈ ಭಾಗವನ್ನು ನಾನು ತಮ್ಮನಿಗೆ ಓದಿ ಹೇಳುತ್ತಿದ್ದೆ' ಎಂಬ ಸಾಲು. ಸುಳ್ಳು ಅವಳನ್ನು ಅಷ್ಟು ಚುಚ್ಚಲಿಲ್ಲ. ಅಕ್ಷರಗಳು ದೊಡ್ಡದಾಗಿದ್ದವು. ಗುಂಡಗೆ, ಬಿಡಿಬಿಡಿಯಾಗಿ, ಒತ್ತಕ್ಷರಗಳನ್ನು ಇನ್ನಷ್ಟು ಅಗಲಿಸಿ, ಒಂದನೇ ತರಗತಿಯ ಮಕ್ಕಳಿಗೆ ಬೋರ್ಡಿನ ಮೇಲೆ ಬರೆಯುವ ಹಾಗೆ ಬರೆದಿದ್ದ. ದಿನಪತ್ರಿಕೆಯ ಸಣ್ಣ ಅಕ್ಷರವನ್ನೂ ಬಿಡದೆ ಓದುವವಳು ಅವಳು. ಅದು ಅವನಿಗೆ ಗೊತ್ತಿಲ್ಲದ್ದಲ್ಲ. ಪತ್ರಿಕೆಯಲ್ಲಿ ಅವಳನ್ನು ಕಾವ್ಯ ಓದುವ ಅಕ್ಕನನ್ನಾಗಿ ಮಾಡಿದ ಕೈಯೇ ಮನೆಯಲ್ಲಿ ಕೂತು ಈ ಗುಂಡಕ್ಷರ ಬರೆದಿತ್ತು.

"ಯಾಕೋ ಇಷ್ಟು ದೊಡ್ಡದಾಗಿ ಬರೆದೆ?"

"ಏನು?"

"ಅಕ್ಷರ."

ಅವನು ಚೀಟಿಯನ್ನು ನೋಡಿದ. ಆಗಷ್ಟೇ ಅವನಿಗೆ ಕಂಡಿತೆಂದು ಕಾಣುತ್ತದೆ. ಕುತ್ತಿಗೆ ಕೆಂಪಾಯಿತು. "ಬೇಕು ಅಂತ ಮಾಡಿದ್ದಲ್ಲ" ಅಂದ.

"ಗೊತ್ತು. ಅದಕ್ಕೇ ಕೇಳಿದ್ದು."

ಕೆಳಗಿನಿಂದ ಹೊಲಿಗೆಯಂತ್ರದ ಸದ್ದು ಬಂತು, ನಿಂತಿತು, ಮತ್ತೆ ಬಂತು. ತಮ್ಮ ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತ ಕೂತ. "ಅವತ್ತು ವೇದಿಕೆ ಮೇಲೆ ಎಲ್ಲಾ ದೊಡ್ಡ ದೊಡ್ಡ ಓದಿದವರು ಕೂತಿದ್ರಕ್ಕಾ. ಈ ಸಾಲು ನಿಮಗೆ ಎಲ್ಲಿಂದ ಬಂತು ಅಂದ್ರು. ನೆಲ ಒರೆಸೋ ಹಲಗೆಯಿಂದ ಅಂತ ಹೇಳೋಕೆ ಬಾಯಿ ತೆಗೆದೆ. ಬರಲಿಲ್ಲ. ನಿನ್ನ ಮೇಲೆ ನಗ್ತಾರೆ ಅನ್ನಿಸ್ತು."

"ನನ್ನ ಮೇಲೋ, ನಿನ್ನ ಮೇಲೋ?"

ಅವನು ಉತ್ತರ ಹೇಳಲಿಲ್ಲ. ಹೇಳದೇ ಇದ್ದದ್ದಕ್ಕೆ ಅವಳಿಗೆ ಸಮಾಧಾನವಾಯಿತು. ಸುಳ್ಳು ಹೇಳುವುದಾಗಿದ್ದರೆ ಈಗ ಒಂದು ಸಲೀಸಾಗಿ ಹೇಳಬಹುದಿತ್ತಲ್ಲ. "ಈಗ ಹಲಗೆ ಅಂತ ನೀನು ಬರೆದ್ರೆ" ಅಂದ ತಮ್ಮ, "ನಾನು ಇಷ್ಟು ವರ್ಷ ಹೇಳಿದ್ದೆಲ್ಲ ಏನಾಗುತ್ತೆ? ಸುಳ್ಳುಗಾರ ಅಂತಾರೆ. ಅಂದವರ ಎದುರಿಗೆ ನಿಂತು ಅದೇ ಹಾಡನ್ನ ಮತ್ತೆ ಹಾಡಬೇಕು. ಅಷ್ಟಕ್ಕೂ ಅದು ನಿನ್ನದೊಂದು ತಮಾಷೆ, ಅದನ್ನ ಪುಸ್ತಕದಲ್ಲಿ..."

"ತಮಾಷೆ ಅಲ್ಲ ಕಣೋ."

ತಾನು ಅದನ್ನು ಹೇಳಿಬಿಟ್ಟದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿ, ಎದುರಿನ ಕುರ್ಚಿ ಎಳೆದು ಕೂತಳು. "ನಾನು ನಿಜವಾಗಿ ಹಾಗೇ ಓದಿದ್ದು. ಯಾರೋ ಒದ್ದಿದಾರೆ ಅಂತಲೇ ತಿಳ್ಕೊಂಡೆ. ಒಬ್ಬ ಮುದುಕನ ಕಾಲು ಬೇರೆ ನೋಡಿದೆ. ಶಾಲೇಲಿ ಎಲ್ಲರೂ ನಕ್ಕಾಗ ಮಾನ ಉಳಿಸ್ಕೊಳ್ಳೋಕೆ ತಮಾಷೆ ಅಂದೆ. ನಿನಗೂ ಹಾಗೇ ಅಂದೆ."

"ಗೊತ್ತು" ಅಂದ ತಮ್ಮ.

"ಏನು ಗೊತ್ತು?"

"ತಮಾಷೆ ಅಲ್ಲ ಅಂತ. ಪಾತ್ರೆ ತೊಳೆಯೋಕೆ ಹೋದೆಯಲ್ಲ, ಆ ಪಾತ್ರೆ ಎಲ್ಲಾ ನಾನು ಆಗಲೇ ತೊಳೆದಿಟ್ಟಿದ್ದೆ. ನೀನು ಅದನ್ನೇ ಮತ್ತೆ ತೊಳೆದೆ." ಮುಚ್ಚಳ ಬಿಗಿಮಾಡಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. ಕಾಗದದ ಮೇಲೆ ಗುಂಡು ಗುರುತು ಕಂಡಿತು. "ತಮಾಷೆ ಆಗಿದ್ದಿದ್ರೆ ನಾನೂ ನಗ್ತಿದ್ದೆ. ಹಾಡು ಆಗ್ತಿರಲಿಲ್ಲ."

ಅಕ್ಕನಿಗೆ ಅಳು ಬರಬೇಕಿತ್ತೋ ಸಿಟ್ಟು ಬರಬೇಕಿತ್ತೋ ತಿಳಿಯಲಿಲ್ಲ. ಇಷ್ಟು ವರ್ಷ ಮುಚ್ಚಿಟ್ಟ ಮಾನ, ಪಕ್ಕದ ಮಂಚದ ಮೇಲೆ ಕೂತವನಿಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಅವನು ಸುಮ್ಮನಿದ್ದ, ಈಗ ಅವಳು ಸುಮ್ಮನಿರಬೇಕು ಅನ್ನುತ್ತಿದ್ದ. ಎರಡೂ ಒಂದೇ ಬಗೆಯ ಮೌನವೇ? ಚಹಾ ಮಾಡಿ ಕೊಟ್ಟಳು. ಅವನು ಬಸಿಯಲ್ಲಿ ಹೊಯ್ದುಕೊಂಡು ಸೊರ್ರನೆ ಕುಡಿದ, ಚಿಕ್ಕಂದಿನಲ್ಲಿ ಕುಡಿಯುತ್ತಿದ್ದ ಹಾಗೆ. ವೇದಿಕೆಯ ಮೇಲೆ ಇವನು ಹೀಗೆ ಕುಡಿಯುವುದಿಲ್ಲ ಅಂದುಕೊಂಡಳು.

ಹೊರಡುವಾಗ ಶೂ ಹಾಕಿಕೊಳ್ಳುತ್ತ, ಮುಖ ಎತ್ತದೆ ಕೇಳಿದ. "ಹಲಗೆ ಅಂತ ಬರೀತೀಯಾ?"

"ಇನ್ನೂ ಗೊತ್ತಿಲ್ಲಪ್ಪ."

ಲೇಸು ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. "ಬರೆಯೋದಾದ್ರೆ ಹಳದಿ ಹಲಗೆ ಅಂತಾನೇ ಬರಿ. ಬರೀ ಹಲಗೆ ಅಂದ್ರೆ ಶಾಲೆ ಹಲಗೆ ಅಂದ್ಕೋತಾರೆ ಅವರು. ಅದಕ್ಕೂ ಒಂದು ಅರ್ಥ ಹಚ್ಚಿಬಿಡ್ತಾರೆ." ಅವನ ದನಿಯಲ್ಲಿ ಕಹಿಯೂ ಇತ್ತು, ನಗುವೂ ಇತ್ತು. ಚೀಟಿಯನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ. ಮೆಟ್ಟಿಲಿಳಿಯುವ ಸದ್ದು ಕೊನೆಯ ಮೆಟ್ಟಿಲಲ್ಲಿ ಒಂದು ಕ್ಷಣ ನಿಂತು, ಆಮೇಲೆ ಬೀದಿಗೆ ಹೋಯಿತು.

ನೆಲ ಪೂರ್ತಿ ಒಣಗಿತ್ತು, ಅವನು ಜಾರಿದ ಕಡೆ ಒಂದು ಉದ್ದನೆಯ ಗೀಟು. ಅದನ್ನು ಒರೆಸಲು ಮನಸ್ಸಾಗಲಿಲ್ಲ. ಮೇಜಿಗೆ ಕೂತು ಹಾಳೆ ತೆಗೆದಳು. 'ಮಾನ್ಯರೇ' ಎಂಬಲ್ಲಿಗೆ ಹಿಂದೆ ಎಷ್ಟೋ ಸಲ ಬಂದು ನಿಂತಿದ್ದಳು. ಈ ಸಲ ಅದರ ಕೆಳಗೆ ಬರೆದಳು, 'ನೀವು ಕೇಳಿದ ಕಾವ್ಯವನ್ನು ನಾನು ಓದಿದ್ದೆ.' ಬರೆದು ನೋಡಿದಳು. ಒಂದೊಂದು ಅಕ್ಷರವೂ ಚೊಕ್ಕವಾಗಿತ್ತು. ದಕಾರ, ಅದರ ಕಾಲಿಗೆ ಜೋತುಬಿದ್ದ ಇನ್ನೊಂದು ದಕಾರ. ಅವತ್ತು ಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬೆವರು ಸುರಿಸಿ ಬಿಡಿಸಿಕೊಂಡ ಅದೇ ಒತ್ತು. ಈ ಒತ್ತು ಇದ್ದರೆ ಹಿಂದೆ ಎಂದೋ ಓದಿದ್ದೆ ಅಂತ ಆಗುತ್ತದೆ, ತಮ್ಮನ ಮಾತು ಉಳಿಯುತ್ತದೆ, ಅವಳೂ ಮೆಟ್ಟಿಲ ಮೇಲೆ ತಲೆಯೆತ್ತಿ ನಡೆಯಬಹುದು. ಒಂದು ಒತ್ತಿನ ಖರ್ಚು. ಯಾರು ನೋಡುತ್ತಾರೆ? ಆದರೆ ಈ ಒತ್ತನ್ನು ಕಲಿಯುವುದಕ್ಕೆ ಅವಳು ಒಂದು ಕೋಣೆ ತುಂಬ ಜನರ ನಗುವನ್ನು ಕಿವಿಯ ಮೇಲೆ ತೆಗೆದುಕೊಂಡಿದ್ದಳು. ಅಷ್ಟು ಪಾಡು ಪಟ್ಟು ಕಲಿತದ್ದನ್ನು ಮೊದಲ ಸಲ ಅಚ್ಚಾಗುವ ಮಾತಿನಲ್ಲಿ ಇದಕ್ಕೆ ಬಳಸುವುದೇ? ಅವಳಿಗೆ ಆ ಗಾರೆಯವನ ನಗು ನೆನಪಾಯಿತು, ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದು ಈಗ ಅನ್ನಿಸಿತು.

ಹಾಳೆ ಬದಲಿಸಿದಳು. 'ಆ ಕಾವ್ಯವನ್ನು ನಾನು ಓದಿದೆ, ನಿಮ್ಮ ಕಾಗದ ಬಂದ ಮೇಲೆ. ವೀರನು ಮೊದಲು ಕುದುರೆಗೆ ನೀರು ಕುಡಿಸುವ ಭಾಗ ನನಗೆ ಬಹಳ ಹಿಡಿಸಿತು. ನನ್ನ ತಮ್ಮ ಚಿಕ್ಕವನಿದ್ದಾಗ ನನಗೆ ಓದಲು ಬರುತ್ತಿರಲಿಲ್ಲ. ಅವನೇ ನನಗೆ ಓದಿ ಹೇಳುತ್ತಿದ್ದ. ಹಾಡಿನ ಆ ಸಾಲನ್ನು ನಾನು ಆಸ್ಪತ್ರೆಯ ಒಂದು ಹಳದಿ ಹಲಗೆಯ ಮೇಲೆ ಓದಿದೆ. ತಪ್ಪಾಗಿ ಓದಿದೆ. ಕೇಳಿದವರೆಲ್ಲ ನಕ್ಕರು, ತಮ್ಮ ಒಬ್ಬ ಮಾತ್ರ ಒದ್ದವರು ಯಾರು ಎಂದು ಕೇಳಿದ. ನಾನು ಓದಿದ ತಪ್ಪು ಹಾಡಾದದ್ದು ಆ ಪ್ರಶ್ನೆಯಿಂದ, ಅದು ಅವನದು. ಅವನು ಹೇಳಿದ್ದರಲ್ಲಿ ಒಂದು ಹಿಂದುಮುಂದಾಗಿದೆ, ಅದನ್ನು ಸರಿಮಾಡಿಕೊಂಡರೆ ಉಳಿದದ್ದು ಸರಿಯಾಗುತ್ತದೆ.' ಕೆಳಗೆ ಸಹಿ ಮಾಡಿ ಲಕೋಟೆಗೆ ಹಾಕಿದಳು. ತಮ್ಮನ ಚೀಟಿಯನ್ನು ಹರಿಯಲಿಲ್ಲ, ಮಡಿಸಿ ಸಕ್ಕರೆ ಡಬ್ಬಿಯ ಕೆಳಗೆ ಇಟ್ಟಳು.

ಮೆಟ್ಟಿಲಿಳಿಯುವಾಗ ಕಟಕಟೆ ಹಿಡಿದುಕೊಂಡಳು. ಮಂಡಿ ನೋಯುತ್ತಿತ್ತು, ಹಿಡಿದುಕೊಳ್ಳದೆ ಏನು ಮಾಡುವುದು? ಟೈಲರ್ ಹೆಂಗಸು ಬಾಗಿಲಲ್ಲಿ ನಿಂತು ದಾರ ಕಚ್ಚಿ ತುಂಡುಮಾಡುತ್ತಿದ್ದಳು. "ಕೊನೆಗೂ ಬರೆದ್ರಾ ಅಕ್ಕಾ! ಮೂಲೆಯ ಅಂಚೆ ಡಬ್ಬಿಗೆ ಹಾಕ್ತೀರಾ? ಅದರ ಬಾಯಿ ಸೊಟ್ಟ, ಕಾಗದ ಅರ್ಧಕ್ಕೇ ಸಿಕ್ಕೊಂಡು ಕೂತ್ಕೊಳ್ಳುತ್ತೆ, ನೋಡ್ಕೊಳ್ಳಿ."

"ನೋಡ್ಕೋತೀನಿ" ಅಂದಳು ಅಕ್ಕ. "ಅಂದಹಾಗೆ, ಕಾವ್ಯ ಗೀವ್ಯ ಏನೂ ಓದಿ ಹೇಳಿಲ್ಲ ಮಾರಾಯ್ತಿ ನಾನು. ಆಗ ನನಗೆ ಅಕ್ಷರವೇ ಬರ್ತಿರಲಿಲ್ಲ."

ಆ ಹೆಂಗಸಿನ ತುಟಿಯ ಮೇಲೆ ದಾರದ ತುಂಡು ಹಾಗೇ ಅಂಟಿಕೊಂಡಿತ್ತು. "ಅಯ್ಯೋ, ಹೌದಾ?" ಅಂದಳು. ಅಕ್ಕ ನಿಲ್ಲಲಿಲ್ಲ.

ಬೀದಿಯ ಮೂಲೆಯ ಕೆಂಪು ಡಬ್ಬಿ ಒಂಟಿ ಕಬ್ಬಿಣದ ಕಾಲಿನ ಮೇಲೆ ಸ್ವಲ್ಪ ವಾಲಿಕೊಂಡು ನಿಂತಿತ್ತು. ಅಕ್ಕ ಕಾಗದವನ್ನು ಅದರ ಬಾಯಿಗೆ ಹಾಕಿ ಬೆರಳು ಬಿಟ್ಟಳು. ಸದ್ದು ಬರಲಿಲ್ಲ. ಬಗ್ಗಿ ನೋಡಿದರೆ ಲಕೋಟೆಯ ಬಿಳಿ ಅಂಚು ಕತ್ತಲೆಯಲ್ಲಿ ಹಾಗೇ ಸಿಕ್ಕಿಕೊಂಡು ಕಾಣುತ್ತಿತ್ತು. ಬೆರಳು ತೂರಿಸಿದರೆ ಹಿಡಿದು ವಾಪಸು ಎಳೆದುಕೊಳ್ಳುವಷ್ಟು ಹತ್ತಿರ. ಅವಳು ಆ ಅಂಚನ್ನು ನೋಡುತ್ತ ನಿಂತಳು. ದಾರಿಯಲ್ಲಿ ಹೋಗುತ್ತಿದ್ದವರು ಯಾರೋ ಅವಳನ್ನು ನೋಡಿದರು, ಮುಂದೆ ಹೋದರು. ಆಮೇಲೆ ಅವಳು ಸೀರೆಯ ನೆರಿಗೆಯನ್ನು ಒಂದಿಷ್ಟು ಎತ್ತಿ ಹಿಡಿದು, ಚಪ್ಪಲಿಯ ಕಾಲಿನಿಂದ ಡಬ್ಬಿಯ ಕಂಬಕ್ಕೆ ಜಾಡಿಸಿ ಒದ್ದಳು. ಒಳಗೆ, ಆಳದಲ್ಲಿ, ಕಾಗದ ಬಿದ್ದ ಸದ್ದು ಕೇಳಿಸಿತು.